ಶೆಡ್ಡಿಗೆ ಬೆಳಕು ಬಂತು, ನನಗೆ ಕಣ್ಣು ಕತ್ತಲೆ ಬಂತು

"ಈ ಭಾನುವಾರ ಸೂರ್ಯ ಮುಳುಗೋದ್ರೊಳಗೆ ನಮ್ಮ ಶೆಡ್ಡಿನಲ್ಲಿ ಇನ್ನೊಂದು ಸೂರ್ಯ ಹುಟ್ಟುತ್ತೆ! ಎಲೆಕ್ಟ್ರೀಷಿಯನ್ ಬೇಡ, ಯಾರೂ ಬೇಡ. ನಾನೊಬ್ಬನೇ ಸಾಕು!"

ಹೀಗೆಂದು ತಿಂಡಿಯ ಹೊತ್ತಿನಲ್ಲಿ ಘೋಷಿಸಿದೆ. ಘೋಷಣೆಗೆ ತೂಕ ಬರಲೆಂದು ಊಟದ ಮೇಜನ್ನು ಒಮ್ಮೆ ಗುದ್ದಿದೆ ಕೂಡ. ಗುದ್ದಬಾರದಿತ್ತು. ಆ ಮೇಜಿಗೆ ಇರುವುದು ಮೂರೇ ಕಾಲು. ನಾಲ್ಕನೆಯದು ಮುರಿದ ದಿನದಿಂದ ಆ ಮೂಲೆಯನ್ನು ಹೊತ್ತು ನಿಂತಿರುವುದು ಬೋರಲು ಹಾಕಿದ ಒಂದು ಹಸಿರು ಬಕೆಟ್. ಗುದ್ದಿದ ರಭಸಕ್ಕೆ ಮೂವರ ಕಾಫಿಯೂ ಬಕೆಟ್ಟಿನ ದಿಕ್ಕಿಗೆ ವಲಸೆ ಹೊರಟಿತು.

"ಸೂರ್ಯ ನಿಧಾನಕ್ಕೆ ಹುಟ್ಲಿ ರೀ, ಮೊದ್ಲು ಮೇಜಿಗೆ ಕಾಲು ಹುಟ್ಲಿ," ಎಂದಳು ಹೆಂಡತಿ, ಬಟ್ಟೆಯಿಂದ ಕಾಫಿ ಒರೆಸುತ್ತಾ.

"ಬೆಳಕೇ ಇಲ್ದೆ ಕಾಲು ಹೇಗೆ ಕಡೀಲಿ? ಆ ಟ್ಯೂಬ್‌ಲೈಟ್ ಕೆಳಗೆ ಉಳಿ ಯಾವುದು, ಬೆರಳು ಯಾವುದು ಅಂತಾನೇ ಗೊತ್ತಾಗಲ್ಲ!"

ಬೆರಳು ಎಂದೊಡನೆ ನನ್ನ ಎದೆ ಧಸಕ್ಕೆಂದಿತು. ಓದುಗರಲ್ಲಿ ಮುಚ್ಚುಮರೆ ಏಕೆ? ನಾನು ಹುಟ್ಟಾ ಪುಕ್ಕಲ. ಅದರ ಮೇಲೆ ನನ್ನ ಉದ್ಯೋಗ ಬೇರೆ. ವಿಮಾ ಕಂಪನಿಯಲ್ಲಿ ಕೂತು, ಮನೆಯೊಳಗೆ ಆಗುವ ಅಪಘಾತಗಳ ಅರ್ಜಿಗಳನ್ನು ಬೆಳಗಿನಿಂದ ಸಂಜೆಯವರೆಗೆ ಓದುವುದು ನನ್ನ ಕೆಲಸ. ಬಲ್ಬ್ ಬದಲಿಸಲು ಹೋಗಿ ಸೊಂಟ ಮುರಿದುಕೊಂಡವರು, ಇಸ್ತ್ರಿಪೆಟ್ಟಿಗೆಯಿಂದ ಶಾಕ್ ಹೊಡೆಸಿಕೊಂಡವರು, ಮಿಕ್ಸಿಯ ಜೊತೆ ಸಲುಗೆ ಬೆಳೆಸಿದವರು, ಹೀಗೆ ಮನುಷ್ಯನಿಗೆ ಮನೆಯಲ್ಲಿ ಏನೇನು ಆಗಬಹುದೋ ಅಷ್ಟೂ ನನಗೆ ಬಾಯಿಪಾಠ. ಬೇರೆಯವರು ಏಣಿಯನ್ನು ನೋಡಿದರೆ ಏಣಿ ಕಾಣುತ್ತದೆ. ನನಗೆ ಪ್ಲಾಸ್ಟರ್ ಹಾಕಿದ ಕಾಲು ಕಾಣುತ್ತದೆ!

ಮತ್ತೆ ಈ ಶೌರ್ಯ ಎಲ್ಲಿಂದ ಬಂತು ಎಂದಿರಾ? ಪಕ್ಕದ ಟೇಬಲ್ಲಿನ ಸಹೋದ್ಯೋಗಿಯಿಂದ. ತನ್ನ ಮನೆಯ ಹಳೆಯ ಟ್ಯೂಬ್‌ಗಳನ್ನೆಲ್ಲ ಕಿತ್ತೆಸೆದು ತಾನೇ ಎಲ್‌ಇಡಿ ಹಾಕಿಕೊಂಡನಂತೆ. "ಅಂಗಿ ಗುಂಡಿ ಹಾಕ್ಕೊಂಡಷ್ಟೇ ಸುಲಭ ಸಾರ್. ಯಾಕೆ, ನಿಮಗೆ ಭಯಾನಾ?" ಎಂದು ಇಡೀ ಕಚೇರಿಗೆ ಕೇಳುವಂತೆ ಕೇಳಿದ. ಪುಕ್ಕಲನಿಗೆ ಭಯವೇ ಎಂದು ನಾಲ್ಕು ಜನರೆದುರು ಕೇಳಬಾರದು. ಅವನು ಏನು ಬೇಕಾದರೂ ಮಾಡಿಬಿಡುತ್ತಾನೆ.

ಇನ್ನು ನಮ್ಮ ಶೆಡ್ಡಿನ ವಿಚಾರ. ಅದು ಹಿತ್ತಲಿನಲ್ಲಿದೆ. ಒಳಗೆ ಒಂದು ಕೆಲಸದ ಬೆಂಚು, ಗೋಡೆಗೆ ಉಳಿ ಗರಗಸಗಳು, ನಡುವೆ ಮರ ಕಡೆಯುವ ಒಂದು ಲೇತ್. ತೀರಿಕೊಂಡ ಹಿರಿಯ ಬಡಗಿಯೊಬ್ಬರ ಮನೆಯವರಿಂದ ಕೊಂಡ ಆ ಲೇತ್ ನನ್ನ ಹೆಮ್ಮೆ. ಅದನ್ನು ಓಡಿಸುವಾಗ ನಾನು ಕಿವಿಗೆ ದಪ್ಪನೆಯ ಮುಚ್ಚಿಗೆ ಹಾಕಿಕೊಳ್ಳುತ್ತೇನೆ, ಕಿವಿ ಹೋದವರ ಅರ್ಜಿಗಳನ್ನೂ ಓದಿದ್ದೇನಲ್ಲ! ಹಾಗಾಗಿ ಮನೆಯವರು ಎಷ್ಟು ಕೂಗಿದರೂ ನನಗೆ ಕೇಳಿಸದು. ಇದಕ್ಕೆ ಉಪಾಯ ಹೂಡಿದವರು ನಮ್ಮ ಅತ್ತೆ.

ಅತ್ತೆ ಅಂದರೆ ಹೆಂಡತಿಯ ತಾಯಿ, ನಮ್ಮ ಜೊತೆಯಲ್ಲೇ ಇದ್ದಾರೆ. ತಂತಿ ಕಚೇರಿಯಲ್ಲಿ ಟಿಕ್ ಟಿಕ್ ಎಂದು ಸುದ್ದಿ ಕಳಿಸುತ್ತಾ ಜೀವನ ಸವೆಸಿದವರು. ಮಗಳಿಗೂ ಚಿಕ್ಕಂದಿನಲ್ಲೇ ಆ ಭಾಷೆ ಕಲಿಸಿಬಿಟ್ಟಿದ್ದಾರೆ. ಈಗಲೂ ಊಟಕ್ಕೆ ಕೂತಾಗ ತಾಯಿ ಮಗಳು ಚಮಚದಿಂದ ತಟ್ಟೆಯ ಅಂಚಿಗೆ ಟಿಕ್ ಟಿಕ್ಕೆಂದು ಬಡಿದು, ನನ್ನ ಮುಖ ನೋಡಿ ಕಿಸಕ್ಕನೆ ನಗುತ್ತಾರೆ. ಏನೆಂದು ಕೇಳಿದರೆ "ಏನಿಲ್ಲ, ಉಪ್ಪು ಸರಿ ಇದೆ ಅಂದ್ರು ಅಷ್ಟೆ" ಎನ್ನುತ್ತಾಳೆ ಹೆಂಡತಿ. ನಾನೂ ನಂಬಿದವನಂತೆ ಉಣ್ಣುತ್ತೇನೆ.

ಶೆಡ್ಡಿನ ದೀಪದ ಸ್ವಿಚ್ ಇರುವುದು ಅಡುಗೆಮನೆಯಲ್ಲಿ. ಅತ್ತೆ ಅದನ್ನೇ ತಂತಿಯಂತ್ರ ಮಾಡಿಕೊಂಡರು. ಶೆಡ್ಡಿನ ದೀಪ ಎರಡು ಸಲ ಮಿಟುಕಿದರೆ ಊಟ. ಮೂರು ಸಲವಾದರೆ ಯಾರೋ ಬಂದಿದ್ದಾರೆ. ಉದ್ದಕ್ಕೆ ಆರಿ ಹೊತ್ತಿದರೆ, ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಓಡಿ ಬಾ. ಆದರೆ ನಮ್ಮ ಟ್ಯೂಬ್‌ಲೈಟ್ ಯಾರೂ ಕರೆಯದಿದ್ದರೂ ತಾನಾಗಿಯೇ ಸದಾ ಕಣ್ಣು ಹೊಡೆಯುತ್ತಿತ್ತು. ಇದರಿಂದ ನನಗೊಂದು ಅನುಕೂಲವೂ ಇತ್ತು. ಊಟ ಆರಿದ ಮೇಲೆ ಹೋಗಿ, "ಲೈಟು ಅದೇ ಮಿಟುಕ್ತಿದೆ ಅಂದ್ಕೊಂಡೆ ಅತ್ತೆ, ನೀವು ಅಂತ ಗೊತ್ತಾಗ್ಲಿಲ್ಲ" ಎಂದು ಮುಗ್ಧನಾಗಿ ಹೇಳಬಹುದಿತ್ತು.

ಭಾನುವಾರ ಬಂತು. ಮೇನ್ ಸ್ವಿಚ್ ಆಫ್ ಮಾಡಿದೆ. ಆಫ್ ಆಗಿದೆಯೋ ಎಂದು ಮತ್ತೆ ಹೋಗಿ ನೋಡಿದೆ. ನೋಡಿದ್ದು ಸರಿಯೋ ಎಂದು ಹೆಂಡತಿಯನ್ನು ಕರೆದು ನೋಡಿಸಿದೆ. ರಬ್ಬರ್ ಚಪ್ಪಲಿ, ಪಾತ್ರೆ ತೊಳೆಯುವ ಕೈಗವಸು, ಸ್ಕೂಟರಿನ ಹೆಲ್ಮೆಟ್ ಧರಿಸಿ ಸಿದ್ಧನಾದೆ.

"ಅಳಿಯಂದ್ರು ಯುದ್ಧಕ್ಕೆ ಹೊರಟ್ರಾ?" ಎಂದರು ಅತ್ತೆ.

"ಟ್ಯೂಬ್ ಬಿಚ್ಚೋಕೆ ಹೊರಟೆ ಅತ್ತೆ."

"ಫ್ರಿಜ್ ಆರಿಹೋಗಿದೆ, ಬೇಗ ಬಿಚ್ಚಿ. ಹೆದರಿಕೆ ಆದ್ರೆ ಹೇಳಿ, ನಾನು ಹತ್ತಿ ಹಾಕ್ತೀನಿ."

ಅವರಿಗೆ ಮಂಡಿನೋವು. ಆದರೂ ಹತ್ತುತ್ತಿದ್ದರು! ಜೀವನದಲ್ಲಿ ಅವರು ಹೆದರಿದ್ದನ್ನು ನಾನು ನೋಡಿದ್ದೇ ಇಲ್ಲ. ನಮ್ಮ ಮನೆಯಲ್ಲಿ ಹೆದರುವ ಖಾತೆ ಪೂರ್ತಿ ನನ್ನದೇ.

ಟ್ಯೂಬ್‌ಗಳು ಸುಲಭವಾಗಿ ಕಳಚಿ ಬಂದವು. ಗೋಡೆಯ ಮೇಲಿದ್ದ ಜಂಕ್ಷನ್ ಬಾಕ್ಸ್ ಮಾತ್ರ ಮುಟ್ಟಿದರೆ ಪುಡಿಯಾಗುವಂತಿತ್ತು. ಅದನ್ನೂ ಬದಲಿಸೋಣ ಎಂಬ ದುರ್ಬುದ್ಧಿ ಬಂತು. ಅದರೊಳಗೆ ಎರಡು ಜೋಡಿ ವೈರುಗಳಿದ್ದವು. ಒಂದು ಅಡುಗೆಮನೆಯ ಸ್ವಿಚ್ಚಿನಿಂದ ದೀಪಕ್ಕೆ ಬರುವುದು. ಇನ್ನೊಂದು ಮೇನಿನಿಂದ ನೇರವಾಗಿ ಲೇತಿನ ಪ್ಲಗ್ಗಿಗೆ ಬರುವುದು. ಅದಲುಬದಲಾಗದಿರಲೆಂದು ಹೆಂಡತಿಯ ಹೊಲಿಗೆ ಡಬ್ಬಿಯಿಂದ ದಾರ ತಂದು, ದೀಪದ ಜೋಡಿಗೆ ಕೆಂಪು, ಲೇತಿನ ಜೋಡಿಗೆ ಕಂದು ಕಟ್ಟಿದೆ.

"ರೀ, ಅವೆರಡೂ ಒಂದೇ ಥರ ಕಾಣ್ತವೆ. ಹಳದಿ ಇದೆ, ನೀಲಿ ಇದೆ, ಅದನ್ನ ತಗೊಳ್ಳಿ," ಎಂದಳು.

"ಹಗಲು ಹೊತ್ತಲ್ಲಿ ಕೆಂಪು ಕಂದು ಗೊತ್ತಾಗದಷ್ಟು ಮುದುಕ ಆಗಿಲ್ಲ ನಾನು!"

ಹಗಲು ಹೊತ್ತು ಎಲ್ಲಿಯವರೆಗೆ ಇದ್ದೀತು? ಹಳೆಯ ತಿರುಪುಗಳ ಜೊತೆ ಗುದ್ದಾಡಿ, ಏಣಿಯ ಮೇಲೆ ಪ್ರತಿ ಮೆಟ್ಟಿಲಿಗೂ ಒಮ್ಮೆ ನಿಂತು ಉಸಿರು ಬಿಟ್ಟು, ಎಲ್‌ಇಡಿಗಳನ್ನು ಕೂರಿಸಿ, ಹೊಸ ಬಾಕ್ಸಿನ ಹತ್ತಿರ ಬರುವ ಹೊತ್ತಿಗೆ ಸಂಜೆ ಇಳಿದಿತ್ತು. ಬೆಳಕು ಹಾಕಲು ಹೊರಟವನಿಗೆ ಬೆಳಕೇ ಇಲ್ಲ! ಬ್ಯಾಟರಿಯನ್ನು ಬಾಯಲ್ಲಿ ಕಚ್ಚಿ ನೋಡಿದೆ. ಅದರ ಹಳದಿ ಮಬ್ಬಿನಲ್ಲಿ ನಾಲ್ಕು ವೈರುಗಳಿಗೂ ಒಂದೇ ಬಣ್ಣದ ದಾರ. ಹೆಂಡತಿಯನ್ನು ಕರೆದು ಕೇಳಬಹುದಿತ್ತು. ಕೇಳಿದರೆ "ಆಗ್ಲೇ ಹೇಳಲಿಲ್ವಾ" ಎಂಬ ಮಾತು ಬರುತ್ತಿತ್ತು. ಆ ಮಾತಿಗಿಂತ ಶಾಕ್ ಹೊಡೆಸಿಕೊಳ್ಳುವುದು ಮೇಲು ಎನ್ನಿಸಿ, "ಇದೇ ಕೆಂಪು" ಎಂದು ನಾನೇ ತೀರ್ಪು ಕೊಟ್ಟು, ತಿರುಪು ಬಿಗಿದು, ಮುಚ್ಚಳ ಹಾಕಿ ಇಳಿದೆ.

"ಮೇನ್ ಹಾಕು!" ಎಂದು ಕೂಗಿ, ಶೆಡ್ಡಿನ ಬಾಗಿಲಾಚೆ ಓಡಿ, ಕಿವಿ ಮುಚ್ಚಿ ನಿಂತೆ.

ಜಗ್ಗನೆ ಬೆಳಕಾಯಿತು! ಢಂ ಎನ್ನಲಿಲ್ಲ, ಹೊಗೆ ಬರಲಿಲ್ಲ. ಶೆಡ್ ಆಪರೇಷನ್ ಥಿಯೇಟರಿನಂತೆ ಫಳಫಳಿಸಿತು.

"ಶೆಡ್ಡಿನ ಸ್ವಿಚ್ ಹಾಕ್ಲಾ?" ಎಂದು ಅಡುಗೆಮನೆಯಿಂದ ಹೆಂಡತಿಯ ದನಿ.

"ಬೇಡ, ಆಗ್ಲೇ ಬಂತು!"

"ನಾನಿನ್ನೂ ಹಾಕೇ ಇಲ್ವಲ್ಲ!"

"ಹೊಸ ಲೈಟು ಅಂದ್ರೆ ಹೀಗೇ ಕಣೆ, ಕಾಯಿಸೋದೇ ಇಲ್ಲ!"

ವಿಜಯೋತ್ಸಾಹದಲ್ಲಿದ್ದವನ ಬಾಯಿಂದ ಬಂದ ಮಾತು ಅದು. ಈಗ ನೆನೆದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಎನ್ನಿಸುತ್ತದೆ.

ಆ ಬೆಳಕಿನಲ್ಲಿ ಏನೇನೋ ಕಂಡವು. ಜೇಡರ ಬಲೆಯ ಸಾಮ್ರಾಜ್ಯ, ಹೆಂಡತಿ ಮನೆಯೆಲ್ಲ ಹುಡುಕಿ ಬಿಟ್ಟಿದ್ದ ಕತ್ತರಿ, ಲೇತಿನ ಮೇಲೆ ಅರ್ಧ ಕಡೆದು ನಿಲ್ಲಿಸಿದ್ದ ಮೇಜಿನ ಕಾಲು. ಮಬ್ಬಿನಲ್ಲಿ ಅದು ನರ್ತಕಿಯ ಕಾಲಿನಂತೆ ಕಂಡಿತ್ತು. ಈಗ ನೋಡಿದರೆ ಬಾತುಕೊಂಡ ಕಾಲು! ಇರಲಿ, ಈಗಲೇ ಸರಿಮಾಡೋಣ ಎಂದು ಕೈಗವಸು ಕಳಚಿ, ಹೆಲ್ಮೆಟ್ಟಿನಡಿಗೆ ಕಿವಿ ಮುಚ್ಚಿಗೆ ತೂರಿಸಿ ಲೇತಿನ ಗುಂಡಿ ಒತ್ತಿದೆ.

ಲೇತ್ ಮಿಸುಕಲಿಲ್ಲ.

ಮತ್ತೆ ಒತ್ತಿದೆ. ಇನ್ನೊಮ್ಮೆ. ಉಹುಂ. ಎದೆ ಹೊಡೆದುಕೊಳ್ಳತೊಡಗಿತು. ದೀಪ ಹಾಕಲು ಹೋಗಿ ಲೇತನ್ನು ಸುಟ್ಟೆನೇ? ಹೀಗಾಗಿದೆ ಎಂದು ಒಳಗೆ ಹೇಗೆ ಹೇಳಲಿ? ಬೆಲ್ಟ್ ಜಾರಿರಬಹುದು ಎಂದು ಪಕ್ಕದ ಮುಚ್ಚಳ ಬಿಚ್ಚಿದೆ. ಕೊನೆಯ ಸಲ ಒತ್ತಿದ ಗುಂಡಿ ಆನ್ ಕಡೆಗಿತ್ತೋ ಆಫ್ ಕಡೆಗೋ ನೋಡಲೇ ಇಲ್ಲ. ಬೆಲ್ಟಿನ ಮತ್ತು ಚಕ್ರದ ನಡುವೆ ಬೆರಳು ತೂರಿಸಲು ಕೈ ಚಾಚಿದೆ.

ಆಗ, ಎಲ್ಲಿಂದಲೋ, ಕಳೆದ ವಾರ ಓದಿದ ಅರ್ಜಿಯ ಸಾಲೊಂದು ಕಣ್ಣ ಮುಂದೆ ಬಂತು. "ಯಂತ್ರ ನಿಂತಿದೆ ಎಂದು ತಿಳಿದು ಕೈ ಹಾಕಿದೆ." ಅಷ್ಟೆ. ಕೈಯನ್ನು ಹಿಂದಕ್ಕೆಳೆದುಕೊಂಡು ಜೇಬಿನೊಳಗೆ ಭದ್ರಪಡಿಸಿದೆ.

ಗಿರ್ರ್ರ್! ಲೇತ್ ತಿರುಗಿತು!

ಬೆಲ್ಟ್ ಸಿಡಿಲಿನಂತೆ ಓಡಿ ನಿಂತಿತು. ಮತ್ತೆ ಗಿರ್ರ್ರ್! ಮತ್ತೆ ನಿಂತಿತು. ನಾನು ಹಾರಿ ಮರದ ಹೊಟ್ಟಿನ ರಾಶಿಯ ಮೇಲೆ ಕೂತಿದ್ದೆ. ಯಾವಾಗ ಹಾರಿದೆ, ಹೇಗೆ ಹಾರಿದೆ, ದೇವರೇ ಬಲ್ಲ! ಒಂದು ಕ್ಷಣ ಮುಂಚೆ ನನ್ನ ಎರಡು ಬೆರಳು ಅಲ್ಲಿರಬೇಕಿತ್ತು. ಜೇಬಿನಿಂದ ತೆಗೆದು ನೋಡಿದೆ. ಇದ್ದವು. ಆದರೂ ನಂಬಿಕೆ ಬಾರದೆ ಕಚ್ಚಿ ನೋಡಿದೆ.

ಪ್ಲಗ್ ಕೀಳೋಣವೆಂದರೆ ಅದು ಲೇತಿನ ಬೆನ್ನ ಹಿಂದೆ. ಕೀಳಲು ತೆರೆದ ಬೆಲ್ಟಿನ ಮೇಲೆ ಬಾಗಬೇಕು. ಓಡಿಹೋಗೋಣವೆಂದರೆ ಬಾಗಿಲಿಗೂ ನನಗೂ ನಡುವೆ ಅದೇ ಲೇತ್! ಬೆವರು ಧಾರಾಕಾರ ಇಳಿಯಿತು. ಮೇಲೆ ಹೊಸ ದೀಪಗಳು ಒಂದಿಷ್ಟೂ ಮಿಟುಕದೆ ನನ್ನ ಅವಸ್ಥೆಯನ್ನು ಸ್ಪಷ್ಟವಾಗಿ ಬೆಳಗುತ್ತಿದ್ದವು. ದೆವ್ವಗಳು ಕತ್ತಲಲ್ಲಿ ಬರುತ್ತವೆ ಎಂದು ಕೇಳಿದ್ದೆ. ಇದು ಝಗಮಗಿಸುವ ಬೆಳಕಿನಲ್ಲಿ ರಾಜಾರೋಷವಾಗಿ ಬಂದಿತ್ತು.

ಯಾರೆಂದು ಹೊಳೆಯಿತು. ಈ ಲೇತಿನ ಹಳೆಯ ಯಜಮಾನರು! ಜೀವಮಾನವಿಡೀ ಒಂದು ಕಾಲನ್ನೂ ಸೊಟ್ಟಗೆ ಕಡೆಯದ ಆ ಹಿರಿಯರು, ನನ್ನ ಬಾತುಕೊಂಡ ಕಾಲನ್ನು ಸಹಿಸಲಾರದೆ ಎದ್ದು ಬಂದಿದ್ದರು.

"ಯಜಮಾನ್ರೇ," ಎಂದು ನಡುಗುತ್ತಾ ಕೈಮುಗಿದೆ. "ಕಾಲಿನ ಆಕಾರ ಇಷ್ಟ ಆಗ್ಲಿಲ್ವಾ?"

ಗಿರ್ರ್ರ್! ಗಿರ್ರ್ರ್! ಗಿರ್ರ್ರ್!

"ತಪ್ಪಾಯ್ತು! ಬಿಚ್ಚಿ ಒಲೆಗೆ ಹಾಕ್ತೀನಿ! ಇನ್ನು ಮರಾನೇ ಮುಟ್ಟಲ್ಲ!"

ಗಿರ್ರ್ರ್ರ್ರ್ರ್... ಈ ಸಲ ಅದು ನಿಲ್ಲಲೇ ಇಲ್ಲ. ಉದ್ದಕ್ಕೆ ಓಡಿತು. ನಾನು ಕಣ್ಣು ಮುಚ್ಚಿ ಹೆಂಡತಿಯ ಮುಖವನ್ನು ನೆನೆದುಕೊಂಡೆ. ಕೊನೆಗೊಮ್ಮೆ ನಿಂತಿತು.

ಕಣ್ಣು ಬಿಟ್ಟರೆ ನೆನೆದ ಮುಖವೇ ಬಾಗಿಲಲ್ಲಿತ್ತು! ಕೈಯಲ್ಲಿ ಸೌಟು, ಸೊಂಟದಲ್ಲಿ ಏಪ್ರನ್. ಬಾಯಿ ಆಡುತ್ತಿತ್ತು. ಕಿವಿಯ ಮುಚ್ಚಿಗೆ ಸರಿಸಿದೆ.

"...ಎಷ್ಟು ಸಲ ಕರೆಯೋದು ರೀ? ಎರಡು ಸಲ ಆಯ್ತು, ಮೂರು ಸಲ ಆಯ್ತು, ಉದ್ದಕ್ಕೂ ಆಯ್ತು! ಹೊಟ್ಟಿನ ಮೇಲೆ ಮೊಟ್ಟೆ ಇಡ್ತಾ ಕೂತಿದ್ದೀರಾ?"

"ಹತ್ರ ಬರಬೇಡ! ಲೇತಲ್ಲಿ ಯಜಮಾನ್ರು ಇದ್ದಾರೆ!"

"ಯಾವ ಯಜಮಾನ್ರು?" ಎನ್ನುತ್ತಾ ಅವಳು ಲೇತಿನ ಮೇಲೆ ಬಗ್ಗಿಯೇಬಿಟ್ಟಳು. ಏಪ್ರನ್ನಿನ ಸಡಿಲ ದಾರ ತೆರೆದ ಬೆಲ್ಟಿನ ಪಕ್ಕದಲ್ಲಿ ಓಲಾಡುತ್ತಿತ್ತು.

ಅಷ್ಟು ಹೊತ್ತು ಹೆದರಿದ್ದೆಲ್ಲ ಹೆದರಿಕೆಯೇ ಅಲ್ಲ, ನಿಜವಾದ ಹೆದರಿಕೆ ಇದು. ಹೊಟ್ಟಿನ ರಾಶಿಯಿಂದ ನೆಗೆದು, ಲೇತಿನ ಪಕ್ಕದಿಂದಲೇ ನುಗ್ಗಿ, ಅವಳನ್ನು ತಬ್ಬಿ ಬಾಗಿಲಿನ ಕಡೆಗೆ ಎಳೆದೆ. ಇಬ್ಬರೂ ಹೊಸ್ತಿಲ ಮೇಲೆ ಬಿದ್ದೆವು. ಸೌಟು ನನ್ನ ಹೆಲ್ಮೆಟ್ಟಿಗೆ ಠಣ್ಣೆಂದು ಬಡಿಯಿತು. ಹಿಂದೆಯೇ ಲೇತ್ ತಿರುಗಿತು.

ಗಿರ್. ಗಿರ್ರ್ರ್. ಗಿರ್. ಗಿರ್...

"ನೋಡ್ದ್ಯಾ?" ಎಂದೆ, ಹಲ್ಲು ಕಟಕಟಿಸುತ್ತಾ.

ಅವಳು ಬಿದ್ದಲ್ಲೇ ಕೈಯೆತ್ತಿ ಸುಮ್ಮನಿರಿ ಎಂದು ಸನ್ನೆ ಮಾಡಿದಳು. ಕಣ್ಣು ಕಿರಿದಾಗಿಸಿ ಆಲಿಸಿದಳು. ತುಟಿ ಏನನ್ನೋ ಕೂಡಿಸಿ ಓದುತ್ತಿತ್ತು.

"ರೀ, ಇದು ದೆವ್ವ ಅಲ್ಲ. ಅಮ್ಮ!"

"ನಿಮ್ಮಮ್ಮ ಅಡುಗೆಮನೇಲಿದ್ದಾರೆ!"

"ಹೌದು, ಅಲ್ಲಿಂದಾನೇ! ಇದು ಅಮ್ಮನ ಕೈ ರೀ, ನನಗೆ ಗೊತ್ತಾಗಲ್ವಾ? 'ಕರೆಯೋಕೆ ಹೋದವಳೂ ಹೋದಳು' ಅಂತಿದ್ದಾರೆ!"

ಆಗ ನನ್ನ ತಲೆಯಲ್ಲೂ ದೀಪ ಹೊತ್ತಿತು. ಕೆಂಪು ದಾರ, ಕಂದು ದಾರ! ದೀಪಗಳನ್ನು ಮೇನಿಗೆ ಕೊಟ್ಟಿದ್ದೆ. ಲೇತನ್ನು ಅಡುಗೆಮನೆಯ ಸ್ವಿಚ್ಚಿಗೆ ಕೊಟ್ಟಿದ್ದೆ. ಊಟಕ್ಕೆ ಕರೆದಾಗಲೆಲ್ಲ ನನ್ನ ಬೆರಳುಗಳಿಗೆ ಕರೆ ಬರುತ್ತಿತ್ತು!

ಇಬ್ಬರೂ ಅಡುಗೆಮನೆಗೆ ಓಡಿದೆವು. ಅತ್ತೆ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಕಿಟಕಿಯಾಚೆ ಮಿಟುಕದ ಶೆಡ್ಡನ್ನು ದುರುಗುಟ್ಟಿ ನೋಡುತ್ತಿದ್ದರು.

"ಅಮ್ಮಾ, ಕೈ ತೆಗಿ!"

"ಏನು ಹೊಸ ಲೈಟೋ! ಎಷ್ಟು ಒತ್ತಿದ್ರೂ ಮಿಟುಕೋದೇ ಇಲ್ಲ," ಎಂದರು ಅತ್ತೆ. ಹೆಂಡತಿ ನಡೆದದ್ದನ್ನೆಲ್ಲ ಹೇಳಿದಳು. ಬೆಲ್ಟ್, ಚಕ್ರ, ನಾನು ತೂರಿಸಲು ಹೋದ ಬೆರಳು, ಏಪ್ರನ್ನಿನ ದಾರ. ಅತ್ತೆ ನನ್ನನ್ನು ಚೆನ್ನಾಗಿ ಬೈಯುತ್ತಾರೆ ಎಂದು ನಾನು ತಲೆತಗ್ಗಿಸಿ ನಿಂತೆ. ಬೈಗುಳ ಬರಲಿಲ್ಲ. ಅವರು ತಮ್ಮ ತೋರುಬೆರಳನ್ನು ನೋಡಿಕೊಂಡರು. ಆಮೇಲೆ ನನ್ನ ಕೈ ನೋಡಿದರು.

"ನನ್ನ ಬೆರಳು ಅಳಿಯಂದ್ರ ಬೆರಳನ್ನ ತೆಗೀತಿತ್ತಾ?" ಎಂದರು. ದನಿ ಸಣ್ಣಗಿತ್ತು.

"ನಿಮ್ಮ ತಪ್ಪಲ್ಲ ಅತ್ತೆ, ನನ್ನದು," ಎಂದೆ. ಅವರು ಕೇಳಿಸಿಕೊಳ್ಳದೆ ಎದ್ದು ಹೋಗಿ ಕೋಣೆಯಲ್ಲಿ ಕೂತರು. ಹೆದರುವುದನ್ನೇ ಅರಿಯದವರು ಹೆದರಿದರೆ ನೋಡಲಾಗುವುದಿಲ್ಲ.

ಮರುದಿನ ಎಲೆಕ್ಟ್ರೀಷಿಯನ್ ಬಂದು ಬಾಕ್ಸ್ ತೆರೆದರು, ಒಮ್ಮೆ ನನ್ನ ಮುಖ ನೋಡಿದರು, ವೈರುಗಳನ್ನು ಅವುಗಳ ಜಾಗಕ್ಕೆ ಸೇರಿಸಿ ಹೋದರು. ದೀಪ ಅಡುಗೆಮನೆಗೆ ಮರಳಿತು, ಲೇತ್ ನನ್ನ ಅಂಕೆಗೆ ಮರಳಿತು. ಅತ್ತೆ ಮಾತ್ರ ಸ್ವಿಚ್ಚಿನ ಹತ್ತಿರ ಸುಳಿಯಲಿಲ್ಲ. ಊಟಕ್ಕೆ ಕರೆಯಬೇಕಾದರೆ ಮಂಡಿ ಹಿಡಿದುಕೊಂಡು ಹಿತ್ತಲು ದಾಟಿ ಬಂದು, ಶೆಡ್ಡಿನಿಂದ ದೂರ ನಿಂತು ಕೈ ಬೀಸುತ್ತಿದ್ದರು. ಹಿಂದೆ ಊಟ ಆರಿದ ಮೇಲೆ ಹೋಗುತ್ತಿದ್ದ ನಾನು, ಅವರು ಹೊಸ್ತಿಲು ಇಳಿಯುವುದನ್ನು ಕಂಡರೇ ಉಳಿ ಬಿಸಾಡಿ ಓಡುತ್ತಿದ್ದೆ.

"ಅತ್ತೆ, ಎಲ್ಲ ಸರಿಯಾಗಿದೆ. ಒಂದು ಸಲ ಒತ್ತಿ ನೋಡಿ," ಎಂದು ಬೇಡಿಕೊಂಡೆ.

"ಬೇಡಪ್ಪ. ನೀವು ಅಲ್ಲಿ ಕೈ ಎಲ್ಲಿಟ್ಟಿರ್ತೀರೋ ನನಗೆ ಹೇಗೆ ಕಾಣುತ್ತೆ?"

ಅದಕ್ಕೊಂದು ದಾರಿ ಹುಡುಕಿದೆ. ಮೇಜಿನ ಕಾಲು ಮುಗಿದ ದಿನ ಅದನ್ನು ಜೋಡಿಸಿ, ಬಕೆಟ್ಟನ್ನು ಸಕಲ ಮರ್ಯಾದೆಯೊಂದಿಗೆ ಸೇವೆಯಿಂದ ಬಿಡುಗಡೆ ಮಾಡಿ ಶೆಡ್ಡಿಗೆ ಒಯ್ದೆ. "ಅತ್ತೆ, ನೀವು ಹೊಸ ಕಾಲಿನ ಮೇಜಿನ ಮುಂದೆ ಕೂತಿರಿ. ಅಡುಗೆ ಆದ ಕೂಡ್ಲೇ ಕಿಟಕೀಲಿ ನೋಡಿ. ನಾನು ಎರಡೂ ಕೈ ಶೆಡ್ಡಿನ ಕಿಟಕಿ ಗಾಜಿಗೆ ಒತ್ತಿ ನಿಂತಿರ್ತೀನಿ. ಹತ್ತು ಬೆರಳೂ ಎಣಿಸಿ, ಆಮೇಲೆ ಸ್ವಿಚ್ ಒತ್ತಿ," ಎಂದು ಹೇಳಿ, ಹೆಂಡತಿಯೊಡನೆ ಶೆಡ್ಡಿಗೆ ಬಂದೆ.

ಸಿಕ್ಕಿಬಿದ್ದ ಕಳ್ಳನಂತೆ ಗಾಜಿಗೆ ಅಂಗೈ ಒತ್ತಿ ನಿಂತೆ. ಆಚೆ ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ನೆರಳು ಮೂಡಿತು. ಬಹಳ ಹೊತ್ತು ಮಿಸುಕಲಿಲ್ಲ. ಲೇತಿನ ಪ್ಲಗ್ ಕಿತ್ತು ಹೊರಗಿಟ್ಟಿದ್ದರೂ ನನ್ನ ಎದೆ ಡವಗುಟ್ಟುತ್ತಿತ್ತು.

ದೀಪ ಮಿಟುಕಿತು! ಎರಡು ಸಲ! ಊಟ!

"ಒತ್ತಿದ್ರು ಕಣೆ!" ಎಂದು ಕುಣಿದಾಡಿದೆ. ಆದರೆ ದೀಪ ನಿಲ್ಲಲಿಲ್ಲ. ಸಣ್ಣಗೆ, ಉದ್ದಕ್ಕೆ, ಸಣ್ಣಗೆ, ಸಣ್ಣಗೆ, ಚಕಚಕನೆ ಮಿಟುಕುತ್ತಲೇ ಹೋಯಿತು. ಹಳೆಯ ಟ್ಯೂಬ್ ಹೊತ್ತಿಕೊಳ್ಳಲು ತಿಣುಕುತ್ತಿತ್ತು. ಇದು ಬೆರಳು ಸೋಕಿದರೆ ಸಾಕು, ಹೊತ್ತುತ್ತದೆ, ಆರುತ್ತದೆ. ಅತ್ತೆಗೆ ತಂತಿ ಕಚೇರಿಯೇ ಮರಳಿ ಸಿಕ್ಕಿತ್ತು!

ಹೆಂಡತಿ ತಲೆಯೆತ್ತಿ ದೀಪವನ್ನು ಓದತೊಡಗಿದಳು.

"'ಬೆರಳು ಹತ್ತೂ ಸರಿಯಾಗಿವೆ...'"

ಕಣ್ಣು ತುಂಬಿ ಬಂತು. ಎದೆಯೂ ಉಬ್ಬಿತು. "ಆಮೇಲೆ? ಆಮೇಲೇನಂತೆ?"

ಅವಳು ಕೈಯಿಂದ ಬಾಯಿ ಮುಚ್ಚಿಕೊಂಡು ನಗು ತಡೆದಳು.

"'ಮೇಜಿನ ಕಾಲು ಗಿಡ್ಡ. ಬರುವಾಗ ಬಕೆಟ್ ತನ್ನಿ.'"